ಪುಣೆಯಲ್ಲಿ ಅಡಿಕೆ ಬಾರದು, ಅಂಜೂರ ಬಂದೀತು

ಮೇ ರಜೆ ಮುಗಿಯುವ ಹೊತ್ತಿಗೆ ಉಡುಪಿ, ಪುತ್ತೂರು, ಶಿರಸಿ ಕಡೆಯಿಂದ ಪುಣೆಗೆ ಹೊರಡುವ ರಾತ್ರಿ ಬಸ್ಸುಗಳ ಡಿಕ್ಕಿಯಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿ ಭರಣಿಗಳ ಸಂದಿಯಲ್ಲಿ ಸಸಿಗಳೂ ಕೂತಿರುತ್ತವೆ. ಹಸಿ ಗೋಣಿಯಲ್ಲಿ ಸುತ್ತಿದ ಅಡಿಕೆ ಸಸಿ, ಹಾಲಿನ ಪ್ಯಾಕೆಟ್ಟಿನಲ್ಲಿ ಬೇರು ಬಿಟ್ಟ ಕಾಳುಮೆಣಸಿನ ಬಳ್ಳಿ, ಅತ್ತೆಮನೆಯ ಅಂಗಳದ ಕೇಪಳ, ಶಂಕರಪುರ ಮಲ್ಲಿಗೆಯ ಕಡ್ಡಿ. ಊರಿನ ಮಣ್ಣು ಸಮೇತ ಬಂದ ಇವು ಕೋಥ್ರೂಡಿನ ಫ್ಲ್ಯಾಟನ್ನೋ ಬಾಣೇರಿನ ಫ್ಲ್ಯಾಟನ್ನೋ ತಲುಪಿದ ಮರುದಿನ ನನ್ನ ಫೋನು ಬಡಿದುಕೊಳ್ಳುತ್ತದೆ. "ಅಕ್ಕಾ, ಇದನ್ನ ಎಲ್ಲಿ ನೆಡಲಿ?"

ಕೇಳುವವರು ಗಿಡ ಕೈಯಲ್ಲಿ ಹಿಡಿದು ಜಾಗ ಹುಡುಕುತ್ತಿರುತ್ತಾರೆ. ನನ್ನ ಕಸುಬು ಅದರ ತಿರುವುಮುರುವು. ಜಾಗ ನೋಡಿ ಗಿಡ ಹುಡುಕಬೇಕು. ಧಾರವಾಡದ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆ ಓದಿದವಳು ನಾನು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಹೌಸಿಂಗ್ ಸೊಸೈಟಿಗಳ ತೋಟ ನೋಡಿಕೊಳ್ಳುವ ಕೆಲಸ ಹಿಡಿದೆ. ಧಾರವಾಡದವಳಾಗಿದ್ದು ಈ ಊರಿನಲ್ಲಿ ಒದಗಿ ಬಂತು. ಅಲ್ಲಿ ಪಡುವಣಕ್ಕೆ ಹೋದರೆ ಭತ್ತದ ಗದ್ದೆ, ಕಾಡು. ಮೂಡಣಕ್ಕೆ ಇಳಿದರೆ ಜೋಳ ಬೆಳೆಯುವ ಎರೆ ಹೊಲ. ಪುಣೆಯೂ ಅಂಥದೇ ಅಂಚಿನ ಊರು, ಅಂಚು ಇನ್ನೂ ಹರಿತವಾದದ್ದು, ಅಷ್ಟೇ.

ಸಹ್ಯಾದ್ರಿಯ ಬೆನ್ನಿಗೆ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ ಇರುವ ಊರು ಇದು. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟದ ನೆತ್ತಿಯ ಮೇಲೆ ತನ್ನ ಭಾರ ಇಳಿಸಿ ಹಗುರಾಗಿಯೇ ಇತ್ತ ಬರುವುದು. ಪಶ್ಚಿಮದ ತಾಮ್ಹಿಣಿ ಘಾಟಿಯಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಸುರಿಯುವ ಮಳೆ ಪುಣೆ ಮುಟ್ಟುವಾಗ 700–750 ಮಿ.ಮೀ.ಗೆ ಇಳಿದಿರುತ್ತದೆ, ಇನ್ನೂ ಪೂರ್ವಕ್ಕೆ ಬಾರಾಮತಿಯಲ್ಲಿ 500ರ ಆಸುಪಾಸು. ಒಂದೇ ಜಿಲ್ಲೆಯೊಳಗೆ ಆಗುಂಬೆಯೂ ಇದೆ, ವಿಜಯಪುರವೂ ಇದೆ ಅಂದರೆ ಹೆಚ್ಚಾಗಲಿಕ್ಕಿಲ್ಲ. ಬಂದ ಮಳೆಯೂ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಏಪ್ರಿಲಿನಲ್ಲಿ ಪಾರಾ 40 ಡಿಗ್ರಿ ತಟ್ಟುತ್ತದೆ, ಚಳಿಗಾಲದ ಕೆಲವು ಬೆಳಗು 10ಕ್ಕಿಂತ ಕೆಳಗಿಳಿಯುತ್ತದೆ.

ಉಡುಪಿಯಲ್ಲಿ 4,000 ಮಿ.ಮೀ. ಆಸುಪಾಸಿನ ಮಳೆ ಕುಡಿದು, ಬೇಸಿಗೆಯಲ್ಲೂ ಬೆವರುವ ಗಾಳಿಯಲ್ಲಿ ಬೆಳೆದ ಅಡಿಕೆಗೆ ಇಲ್ಲಿನ ಮಾರ್ಚ್–ಏಪ್ರಿಲಿನ ಒಣಗಾಳಿಯೇ ದೊಡ್ಡ ಶತ್ರು. ನೀರು ಎಷ್ಟು ಹಾಕಿದರೂ ಬೇರು ಏರಿಸುವುದಕ್ಕಿಂತ ಬೇಗ ಎಲೆ ಅದನ್ನು ಕಳಕೊಳ್ಳುತ್ತದೆ. ತುದಿಯಿಂದ ಕಂದು ಶುರುವಾಗಿ ಸೋಗೆ ಅರ್ಧ ಸುಟ್ಟ ಹಾಗಾಗುತ್ತದೆ. ಎರಡು ಕಟ್ಟಡಗಳ ನಡುವಿನ ನೆರಳಿನಲ್ಲಿ ಕೆಲವು ಅಡಿಕೆ ಮರಗಳು ಬದುಕಿ ಉಳಿದಿವೆ, ನಿಜ. ನೋಡಲಿಕ್ಕೆ ಚಂದ. ಆದರೆ ಹಬ್ಬಕ್ಕೆ ಹಿಂಗಾರ ಅಲ್ಲೇ ಸಿಗುತ್ತದೆ ಎಂದು ಯಾರೂ ಲೆಕ್ಕ ಹಾಕಬೇಡಿ.

ಕೇಪಳದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನಗೆ ಬರುವ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ. ಊರಿನಲ್ಲಿ ಬೇಲಿಯ ಬದಿಗೆ ಯಾರ ಹಂಗೂ ಇಲ್ಲದೆ ಕೆಂಪಗೆ ಅರಳುವ ಗಿಡ, ಪುಣೆಗೆ ಬಂದ ಮರುವರ್ಷ ಹಳದಿಗೆ ತಿರುಗುತ್ತದೆ. ಹೊಸ ಎಲೆಗಳಲ್ಲಿ ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ಗೊಬ್ಬರ ಸಾಲದೆಂದು ಜನ ಗೊಬ್ಬರ ಹಾಕುತ್ತಾರೆ, ನೀರು ಸಾಲದೆಂದು ನೀರು ಹಾಕುತ್ತಾರೆ, ಗಿಡ ಇನ್ನಷ್ಟು ಹಳದಿಯಾಗುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ತಲೆತಲಾಂತರದ ಮಳೆ ಸುಣ್ಣವನ್ನೆಲ್ಲ ತೊಳೆದೊಯ್ದು ಕಬ್ಬಿಣವನ್ನು ಬಿಟ್ಟುಹೋಗಿದೆ. ಪುಣೆಯದು ಲಾವಾ ಆರಿ ಆದ ಕರಿಬಂಡೆ ಸವೆದು ಆದ ಮಣ್ಣು. ತೊಳೆಯುವಷ್ಟು ಮಳೆ ಇಲ್ಲದ್ದರಿಂದ ಸುಣ್ಣ ಅಲ್ಲೇ ಕೂತಿದೆ. ಅಗೆದರೆ ಬಿಳಿ ಸುಣ್ಣಕಲ್ಲಿನ ಹರಳು ಸಿಗುತ್ತದೆ. ಪಿಎಚ್ ಅಳೆದರೆ ಕರಾವಳಿಯದು 5–6ರ ಹತ್ತಿರ, ಇಲ್ಲಿಯದು ಬಹುಪಾಲು 7.5ರಿಂದ 8.5. ಆ ಮಟ್ಟದಲ್ಲಿ ಮಣ್ಣಿನಲ್ಲಿ ಕಬ್ಬಿಣ ಎಷ್ಟೇ ಇದ್ದರೂ ಕರಗುವುದಿಲ್ಲ, ಕರಗದ್ದನ್ನು ಬೇರು ಹೀರಲಾರದು. ಮೇಲಿಂದ ಬೋರ್‌ವೆಲ್ಲಿನ ಗಡಸು ನೀರು ಬಿದ್ದರೆ ದಿನವೂ ಇನ್ನೊಂದಿಷ್ಟು ಸುಣ್ಣ ಬಡಿಸಿದಂತೆ. ಮುರುಗಲಿಗೂ ಇದೇ ಸಂಕಟ, ಇಲ್ಲಿಯವರು ಅನಂತ ಎಂದು ಕರೆಯುವ ಗಾರ್ಡೇನಿಯಾಕ್ಕೂ ಇದೇ. ಕಬ್ಬಿಣದ ಸಲ್ಫೇಟನ್ನು ಬುಡಕ್ಕೆ ಸುರಿದರೆ ಸುಣ್ಣ ಅದನ್ನೂ ಕಟ್ಟಿಹಾಕುತ್ತದೆ. ತೆಳುವಾಗಿ ಕರಗಿಸಿ ಎಲೆಗೆ ಸಿಂಪಡಿಸಿದರೆ ಕೆಲವು ವಾರ ಹಸಿರು ಮರಳುತ್ತದೆ. ಮಜ್ಜಿಗೆ, ನಿಂಬೆರಸ, ಕಾಫಿ ಚರಟಗಳ ಬಗ್ಗೆ ವಾಟ್ಸ್ಆಪಿನಲ್ಲಿ ಬರುವುದನ್ನು ನಾನು ಓದುವುದು ನಿಲ್ಲಿಸಿದ್ದೇನೆ.

ಅಷ್ಟಾಗಿಯೂ ಕೇಪಳ ಬೇಕೇ ಬೇಕು ಎನ್ನುವವರಿಗೆ ಒಂದು ದಾರಿಯಿದೆ. ನೆಲದಲ್ಲಿ ನೆಡಬೇಡಿ, ಕುಂಡದಲ್ಲಿಡಿ. ಎರೆ ಮಣ್ಣನ್ನು ಸೇರಿಸಲೇ ಬೇಡಿ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕೊಳೆತ ಎಲೆಗೊಬ್ಬರ ಸಾಕು. ಮಳೆಗಾಲದಲ್ಲಿ ಹೊರಗಿಡಿ. ಬೇಸಿಗೆಯಲ್ಲಿ ಎ.ಸಿ.ಯ ಪೈಪಿನಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕಿ. ಅದು ಗಾಳಿಯ ತೇವ ತಣಿದು ಹನಿಯಾದದ್ದು, ಸುಣ್ಣದ ಸೋಂಕಿಲ್ಲದ್ದು. ಅದೇ ಹನಿ ಬೀಳುವ ಮೂಲೆಯಲ್ಲಿ ಕೆಸುವಿನ ಗೆಡ್ಡೆ ಊರಿದ ಮನೆಯೊಂದು ನನಗೆ ಗೊತ್ತು. ಅವರ ಪತ್ರೊಡೆಗೆ ಎಲೆಯ ಕೊರತೆಯಿಲ್ಲ.

ಇನ್ನು, ಈ ಸುಣ್ಣ, ಈ ಒಣಗಾಳಿ, ಈ ಕಲ್ಲು ಯಾರಿಗೆ ಬೇಕು ಅಂದರೆ ಅಂಜೂರಕ್ಕೆ ಬೇಕು. ಪುಣೆಯಿಂದ ದಿವೇ ಘಾಟಿ ಹತ್ತಿ ಸಾಸವಡದ ಕಡೆ ಹೋದರೆ ಪುರಂದರ ತಾಲೂಕಿನ ಅಂಜೂರದ ತೋಟಗಳು. ಪುರಂದರ ಅಂಜೂರಕ್ಕೆ 2016ರಲ್ಲಿ ಜಿ.ಐ. ಮಾನ್ಯತೆ ಸಿಕ್ಕಿದೆ. ಅಲ್ಲಿನವರು ವರ್ಷಕ್ಕೆ ಎರಡು ಬಹಾರ್ ಎಣಿಸುತ್ತಾರೆ. ಮಳೆಗಾಲ ಹಿಡಿದು ಬರುವ ಹಣ್ಣು ಖಟ್ಟಾ ಬಹಾರ್, ಬೇಸಿಗೆಗೆ ಬರುವುದು ಮೀಠಾ ಬಹಾರ್. ಹೆಸರೇ ಹೇಳುವ ಹಾಗೆ ರುಚಿ ಇರುವುದು ಎರಡನೆಯದರಲ್ಲಿ, ಯಾಕೆಂದರೆ ಅದು ಒಣಹವೆಯಲ್ಲಿ ಮಾಗುತ್ತದೆ. ಮಳೆಯಲ್ಲಿ ಅಂಜೂರದ ಎಲೆಗೆ ತುಕ್ಕುರೋಗ ಹತ್ತುತ್ತದೆ, ಎಲೆ ಉದುರುತ್ತದೆ, ಗಾಬರಿಯಾಗಬೇಕಿಲ್ಲ. ಅದೇ ಪುರಂದರದಲ್ಲಿ ಸೀತಾಫಲ ಗರಸು ನೆಲದಲ್ಲಿ ಹೇಳಕೇಳದೆ ಬರುತ್ತದೆ. ಬಂಗಲೆಯ ಹಿತ್ತಲಿರುವ ಕನ್ನಡಿಗರಿಗೆ ನಾನು ಹೇಳುವ ಪಟ್ಟಿ ಸಣ್ಣದು: ಅಂಜೂರ, ಸೀತಾಫಲ, ಚಿಕ್ಕು, ನಿಂಬೆ, ಕರಿಬೇವು, ನುಗ್ಗೆ. ಮಾವು ಬೇಕೆಂದರೆ ಕೇಸರ್ ನೆಡಿ. ಆಪೂಸ್ ಕೊಂಕಣದ ಕೂಸು. ಘಟ್ಟ ಹತ್ತಿದ ಮೇಲೆ ಒಂದು ವರ್ಷ ಕೊಟ್ಟರೆ ಒಂದು ವರ್ಷ ಮುನಿಸಿಕೊಳ್ಳುತ್ತದೆ.

ಹೊರವಲಯದ ಮಾತಾಯಿತು. ಪುಣೆ ನಗರದೊಳಗೂ ಮಣ್ಣು ಒಂದೇ ಅಲ್ಲ. ಕೋಥ್ರೂಡ್, ಬಾವಧನ್, ಪಾಷಾಣದ ಇಳಿಜಾರಿನಲ್ಲಿ ಒಂದಡಿ ಅಗೆದರೆ ಗರಸು, ಅದರ ಕೆಳಗೆ ಬಂಡೆ. ನದಿ ಹಾಯುವ ತಗ್ಗಿನಲ್ಲಿ, ಹಡಪಸರ, ಮಾಂಜರಿ, ವಾಘೋಲಿಯ ಕಡೆ ಆಳವಾದ ಎರೆ. ಎರೆ ಮಳೆಯಲ್ಲಿ ಉಬ್ಬುತ್ತದೆ, ಏಪ್ರಿಲಿನಲ್ಲಿ ಬಿರಿಯುತ್ತದೆ. ಬಿರಿಯುವಾಗ ಎಳೆಯ ಬೇರುಗಳನ್ನು ಹರಿದುಹಾಕುತ್ತದೆ. ಇವೆರಡಕ್ಕಿಂತ ಕೆಟ್ಟದ್ದು ಮೂರನೆಯದು, ಹೊಸ ಕಟ್ಟಡಗಳ ಸುತ್ತ ಇರುವುದು. ಇಂಡಿ ಕಡೆಯಿಂದ ಬಂದು ಇಲ್ಲೇ ನೆಲೆಸಿದ ನಮ್ಮ ಮಾಳಿ ಹೊಸ ಸೊಸೈಟಿಯೊಂದರಲ್ಲಿ ಹಾರೆ ಹಾಕಿ, ಬಂದದ್ದನ್ನು ಅಂಗೈಯಲ್ಲಿ ತಿಕ್ಕಿ ನೋಡಿ, "ಇದು ಮಣ್ಣಲ್ರಿ ಅಕ್ಕಾರ, ಗಿಲಾವಿನ ಚೂರು ಅದಾವು" ಅಂದ. ಪಾಯ ತೆಗೆಯುವಾಗ ಮೇಲ್ಮಣ್ಣು ಲಾರಿ ಹತ್ತಿ ಹೋಗಿರುತ್ತದೆ, ಕೊನೆಗೆ ತಗ್ಗು ಮುಚ್ಚಲು ಸಿಮೆಂಟು, ಇಟ್ಟಿಗೆ, ಟೈಲ್ಸಿನ ಚೂರು ಸುರಿದು ಮೇಲೊಂದು ಗೇಣು ಕೆಂಪು ಮಣ್ಣು ಹಾಸಿ ಹುಲ್ಲು ಹೊದಿಸಿರುತ್ತಾರೆ. ಇಲ್ಲಿ ಗಿಡದ ಆಯ್ಕೆಗೆ ಮೊದಲು ಅಗೆತದ ಖರ್ಚು ಮಾತಾಡಬೇಕು.

ಮಣ್ಣಿನ ಪರೀಕ್ಷೆಗೆ ಲ್ಯಾಬು ಬೇಕೆಂದಿಲ್ಲ. ಒಂದೂವರೆ ಅಡಿ ಆಳದ ಗುಂಡಿ ತೆಗೆದು ಸಂಜೆ ನೀರು ತುಂಬಿ. ಒಂದು ಸಲ ಇಂಗಲು ಬಿಟ್ಟು ಮತ್ತೆ ತುಂಬಿ ಮಲಗಿ. ಬೆಳಿಗ್ಗೆ ನೀರು ನಿಂತೇ ಇದ್ದರೆ ಅಲ್ಲಿ ಪಪ್ಪಾಯಿ, ನಿಂಬೆ ನೆಟ್ಟು ಉಪಯೋಗವಿಲ್ಲ, ಮೊದಲ ಮಳೆಗಾಲಕ್ಕೇ ಬುಡ ಕೊಳೆಯುತ್ತದೆ. ಅಂಥಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ ನೆಡಿ. ಮಹಾರಾಷ್ಟ್ರದ ರಾಜ್ಯಪುಷ್ಪ ತಾಮಣ, ಅಂದರೆ ನಮ್ಮ ಹೊಳೆದಾಸವಾಳ, ಅದಕ್ಕೂ ಇಂಥದೇ ಹಸಿ ನೆಲ ಬೇಕು. ರಾಜ್ಯಪುಷ್ಪ ಎಂಬ ಅಭಿಮಾನಕ್ಕೆ ಅದನ್ನು ಒಣ ಗುಡ್ಡದ ಮೇಲೆ ನೆಟ್ಟು ಫೋಟೋ ತೆಗೆಸಿಕೊಂಡವರಿದ್ದಾರೆ. ಮರುವರ್ಷ ಫೋಟೋ ಮಾತ್ರ ಉಳಿದಿತ್ತು.

ಗುಡ್ಡ ಅಂದಮೇಲೆ ಪುಣೆಯ ಟೇಕಡಿಗಳ ಬಗ್ಗೆ ಹೇಳದೆ ಇರಲಾಗದು. ವೇತಾಳ ಟೇಕಡಿ, ತಳಜಾಯಿ, ಪರ್ವತಿ, ಹನುಮಾನ್ ಟೇಕಡಿ, ಇವು ಊರಿನ ಮಧ್ಯೆ ಉಳಿದ ಬೆನ್ನೆಲುಬು. ಬೆಳಿಗ್ಗೆ ಅರ್ಧ ಪುಣೆ ಅಲ್ಲಿ ನಡೆಯುತ್ತಿರುತ್ತದೆ. ಬೋಳು ಗುಡ್ಡಗಳನ್ನು ಹಸಿರು ಮಾಡಬೇಕೆಂಬ ಹುರುಪಿನ ಕಾಲದಲ್ಲಿ ಅಲ್ಲಿ ಗ್ಲಿರಿಸಿಡಿಯಾ ನೆಡಲಾಯಿತು, ನಮ್ಮ ಕಡೆ ಗೊಬ್ಬರದ ಗಿಡ ಅನ್ನುವುದು ಅದನ್ನೇ. ಮಧ್ಯ ಅಮೆರಿಕದ ಮೂಲ. ಆಯ್ಕೆ ಮಾಡಿದವರಿಗೆ ಕಾರಣವಿತ್ತು: ಕೊಂಬೆ ಊರಿದರೂ ಚಿಗುರುತ್ತದೆ, ಕಲ್ಲಿನಲ್ಲೂ ಬೇರೂರುತ್ತದೆ, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ, ಮೇಯುವ ಆಡುಗಳು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹೊಲದ ಬದುವಿಗೆ ಇಷ್ಟು ಗುಣ ಸಾಕು. ಗುಡ್ಡಕ್ಕೆ ಸಾಲಲಿಲ್ಲ. ಅದು ಗುಂಪುಗಟ್ಟಿ ಬೆಳೆದಲ್ಲಿ ಹುಲ್ಲು ಹೋಯಿತು, ಹುಲ್ಲಿನ ಹಕ್ಕಿಗಳು ಹೋದವು. ಫೆಬ್ರವರಿಯಲ್ಲಿ ತಿಳಿಗುಲಾಬಿ ಹೂ ಬಿಟ್ಟಾಗ ಮಾತ್ರ ವಾಕಿಂಗ್‌ನವರು ಅದರ ತಪ್ಪೆಲ್ಲ ಮಾಫಿ ಮಾಡುತ್ತಾರೆ.

ಕಲ್ಲಿನ ಇಳಿಜಾರಿಗೆ ಅಲ್ಲಿಯದೇ ಮರಗಳಿವೆ. ಮುತ್ತುಗ, ಕಕ್ಕೆ, ಬೇವು, ಬಿಲ್ವ, ಬೂರುಗ, ಕವಳೆ. ನರ್ಸರಿಯಲ್ಲಿ ಕೇಳುವಾಗ ಮುತ್ತುಗಕ್ಕೆ ಪಳಸ, ಕಕ್ಕೆಗೆ ಬಹಾವಾ, ಕವಳೆಗೆ ಕರವಂದ ಅನ್ನಿ. ನನ್ನ ಮೆಚ್ಚಿನದು ಕಮರ, ಇಲ್ಲಿ ಅದು ಅಂಜನ್. ತುಮಕೂರು, ಚಿತ್ರದುರ್ಗದ ಒಣಕಾಡು ನೋಡಿದವರಿಗೆ ಗೊತ್ತಿರುತ್ತದೆ. ಮೊದಲ ಕೆಲವು ವರ್ಷ ಮೇಲೆ ಏನೂ ಬೆಳೆಯುವುದಿಲ್ಲ, ಸೊಸೈಟಿಯ ಮೀಟಿಂಗಿನಲ್ಲಿ "ಮೇಡಂ ತಂದ ಗಿಡ ಸತ್ತಿದೆ" ಎಂದು ಠರಾವೂ ಆಗುತ್ತದೆ. ಅಷ್ಟೂ ಕಾಲ ಅದರ ತಾಯಿಬೇರು ಬಂಡೆಯ ಬಿರುಕು ಹುಡುಕಿ ಇಳಿಯುತ್ತಿರುತ್ತದೆ. ಯಾವ ಮರ ಯಾವ ನೆಲದಲ್ಲಿ ಹೇಗೆ ನಿಂತಿದೆ ಎಂದು ಕಣ್ಣಾರೆ ನೋಡಬೇಕೆನ್ನುವವರು ರೇಸ್‌ಕೋರ್ಸ್ ಬಳಿಯ ಎಂಪ್ರೆಸ್ ಗಾರ್ಡನ್ನಿಗೆ ಹೋಗಬಹುದು. 1873ರಿಂದ ಹಣ್ಣಿನ ಮರಗಳನ್ನು ಸಾಕುತ್ತಿರುವ ಗಣೇಶಖಿಂಡದ ತೋಟವೂ ಇದೆ, ಅದು 2020ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಮನೆಯಲ್ಲೇ ಕೂತು ಗುರುತಿಸುವವರಿಗೆ ಶ್ರೀಕಾಂತ ಇಂಗಳಹಳ್ಳಿಕರ ಮತ್ತು ಶರ್ವರಿ ಬರ್ವೆ ಅವರ ಪುಣೆಯ ಮರಗಳ ಪುಸ್ತಕ ಇದೆ. ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಪ್ರತಿ ಸದಾ ಇರುತ್ತದೆ.

ಒಂದು ಜಾಗಕ್ಕೆ ಮಾತ್ರ ನನ್ನ ಉತ್ತರ "ಏನನ್ನೂ ನೆಡಬೇಡಿ". ಸಾಸವಡದಿಂದ ಬಾರಾಮತಿಯವರೆಗಿನ ಹುಲ್ಲುಗಾವಲು ಪಾಳುಬಿದ್ದ ನೆಲವಲ್ಲ. ತೋಳ, ಚಿಂಕಾರಗಳು ಓಡಾಡುವ ಮನೆ. ಸುಪೆಯ ಮಯೂರೇಶ್ವರ ಅಭಯಾರಣ್ಯ ಸಣ್ಣದಾದರೂ ಹೋಗಿ ನೋಡಬೇಕಾದದ್ದು. ಪರಿಸರ ದಿನದಂದು ಕಂಪನಿಯ ಬಸ್ಸಿನಲ್ಲಿ ಬಂದು ಹುಲ್ಲು ಅಗೆದು ಸಸಿ ಊರಿ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ರಸ್ತೆಬದಿಯ ಮಾತು ಚುಟುಕಾಗಿ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್ ಬೇಗ ಬೆಳೆದು ಮೇ ತಿಂಗಳಲ್ಲಿ ಕೆಂಡದಂತೆ ಅರಳುತ್ತದೆ. ಬೇರು ಮೇಲುಮೇಲಕ್ಕೆ, ಕೊಂಬೆ ಪೆಳಸು. ಮಳೆಗೆ ಮುಂಚಿನ ಬಿರುಗಾಳಿಗೆ ಕಾರುಗಳ ಮೇಲೆ ಬೀಳುವ ಮರಗಳಲ್ಲಿ ಅದರ ಪಾಲು ದೊಡ್ಡದು. ಹಾಲೆಮರ, ಇಲ್ಲಿಯವರ ಸಪ್ತಪರ್ಣಿ, ದಸರೆಯಿಂದ ದೀಪಾವಳಿಯವರೆಗೆ ರಾತ್ರಿ ಬೀರುವ ಗಾಢ ಪರಿಮಳ ಬೆಡ್‌ರೂಮಿನ ಕಿಟಕಿಯ ಪಕ್ಕದಲ್ಲಿದ್ದರೆ ತಲೆನೋವು. ಮತ್ತು ನೆಡುವ ಮುಂಚೆ ಇನ್ನೊಂದು ವಿಷಯ ನೆನಪಿರಲಿ. ಮಹಾರಾಷ್ಟ್ರದ ನಗರಗಳಲ್ಲಿ 1975ರ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. 2021ರ ತಿದ್ದುಪಡಿ 50 ವರ್ಷ ದಾಟಿದ್ದನ್ನು ಪಾರಂಪರಿಕ ವೃಕ್ಷ ಎಂದು ಗುರುತಿಸಿತು. ಕಾಂಪೌಂಡ್ ಗೋಡೆಯಿಂದ ಎರಡಡಿಗೆ ಆಲದ ಸಸಿ ಊರುವವರು ತಮ್ಮ ಮೊಮ್ಮಕ್ಕಳ ಅರ್ಜಿಯನ್ನೂ ಅವತ್ತೇ ಬರೆದಿಟ್ಟರೆ ಒಳ್ಳೆಯದು.

ಈಗಿನ ಸೊಸೈಟಿಗಳಲ್ಲಿ ನೆಲವೇ ಇರುವುದಿಲ್ಲ. ಹುಲ್ಲು, ಮರ, ಕಾರಂಜಿ ಎಲ್ಲ ಪಾರ್ಕಿಂಗಿನ ಚಾವಣಿಯ ಮೇಲೆ. ಅದಕ್ಕೆ ಪೋಡಿಯಂ ಅನ್ನುತ್ತಾರೆ. ಒಂದು ಚದರ ಅಡಿಗೆ ಒಂದಡಿ ದಪ್ಪದ ಹಸಿ ಮಣ್ಣು ಹತ್ತಿರ ಹತ್ತಿರ 50 ಕಿಲೋ ತೂಗುತ್ತದೆ. ಮೂರಡಿ ಹಾಕಿದರೆ ಒಂದು ಚದರ ಅಡಿಯ ಮೇಲೆ ಒಂದೂವರೆ ಕ್ವಿಂಟಲ್, ಅದೂ ನಿಮ್ಮ ಕಾರಿನ ನೆತ್ತಿಯ ಮೇಲೆ. ಆದ್ದರಿಂದ ಮೊದಲು ಕಟ್ಟಡದ ಇಂಜಿನಿಯರಿಗೆ ಫೋನು, ನರ್ಸರಿಗೆ ಆಮೇಲೆ. ಆಲ, ಅರಳಿ, ಅತ್ತಿಯ ಜಾತಿಯ ಯಾವುದನ್ನೂ ಅಲ್ಲಿ ಸೇರಿಸಬಾರದು. ಅವುಗಳ ಬೇರು ನೀರಿನ ವಾಸನೆ ಹಿಡಿದು ಸ್ಲ್ಯಾಬಿನ ಕೀಲಿನೊಳಗೆ ಇಳಿಯುತ್ತದೆ. ಎರಡಡಿ ಮಣ್ಣಿನಲ್ಲಿ ತೃಪ್ತವಾಗಿ ಇರುವವು ದೇವಗಣಿಗಲೆ, ಮಂದಾರ, ಪಾರಿಜಾತ, ಕರಿಬೇವು, ಕಣಗಿಲೆ, ನಂದಿಬಟ್ಟಲು. ಬೇಲಿಗೆ ಕಾಡು ಕರಿಬೇವು, ಅಂದರೆ ಇಲ್ಲಿಯ ಕುಂತಿ. ಮಳೆ ಬಿದ್ದ ವಾರದೊಳಗೆ ಬಿಳಿ ಹೂ, ಮೈಮರೆಸುವ ಪರಿಮಳ. ಸೊಸೈಟಿಯ ಕೊಳಚೆ ಶುದ್ಧೀಕರಿಸಿದ ನೀರನ್ನೇ ತೋಟಕ್ಕೆ ಬಿಡುವುದಾದರೆ ಅದರ ಉಪ್ಪನ್ನು ಕಣಗಿಲೆ, ಬೋಗನ್‌ವಿಲ್ಲಾ ತಡೆದುಕೊಳ್ಳುತ್ತವೆ, ಗುಲಾಬಿ ತಡೆಯುವುದಿಲ್ಲ.

ಬಾಲ್ಕನಿಗೆ ಬರೋಣ. ಇದರಲ್ಲೇ ಜನ ಹೆಚ್ಚು ಎಡವುವುದು, ಯಾಕೆಂದರೆ ಎಲ್ಲರೂ ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ಹೇಳುತ್ತಾರೆ, ಸೂರ್ಯ ಯಾವ ತಿಂಗಳು ಎಲ್ಲಿರುತ್ತಾನೆ ಎಂದು ನೋಡಿರುವುದಿಲ್ಲ. "ದಕ್ಷಿಣದ ಬಾಲ್ಕನಿ ರೀ, ಬಿಸಿಲೇ ಬಿಸಿಲು" ಅನ್ನುತ್ತಾರೆ. ಡಿಸೆಂಬರಿನಲ್ಲಿ ನಿಜ. ಆಗ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಆಕಾಶದ ಅರ್ಧಕ್ಕಷ್ಟೇ ಏರುತ್ತಾನೆ, ಬಿಸಿಲು ಹಾಲಿನ ಸೋಫಾದವರೆಗೆ ಬರುತ್ತದೆ. ಪುಣೆ ಇರುವುದು 18.5 ಡಿಗ್ರಿ ಅಕ್ಷಾಂಶದಲ್ಲಿ. ಮೇ ನಡುವಿಗೆ ಮಧ್ಯಾಹ್ನ ನೆರಳೇ ಬೀಳದ ದಿನ ಬರುತ್ತದೆ, ಜುಲೈ ಕೊನೆಗೆ ಇನ್ನೊಂದು. ಬೆಂಗಳೂರಿನವರಿಗೆ ಅವು ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ಬರುತ್ತವೆ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಪುಣೆಯ ಉತ್ತರಕ್ಕಿರುತ್ತಾನೆ. ಮೇಲಿನ ಮನೆಯ ಬಾಲ್ಕನಿಯ ಸ್ಲ್ಯಾಬು ನಿಮ್ಮ ದಕ್ಷಿಣದ ಕುಂಡಗಳಿಗೆ ಆಗ ಕೊಡೆ ಹಿಡಿಯುತ್ತದೆ. ಅದರ ಮೇಲೆ ಮೋಡ. ಚಳಿಗಾಲದಲ್ಲಿ ಟೊಮೇಟೊ ಕೊಟ್ಟ ಅದೇ ಕುಂಡದಲ್ಲಿ ಜುಲೈನಲ್ಲಿ ಬೆಂಡೆ ಬಡಕಲಾಗಿ ಉದ್ದಕ್ಕೆ ಎಳೆದುಕೊಂಡು ನಿಲ್ಲುವುದು ಈ ಕಾರಣಕ್ಕೆ. ಹಾಗಾಗಿ ದಕ್ಷಿಣಕ್ಕೆ ಅಕ್ಟೋಬರಿನಿಂದ ಫೆಬ್ರವರಿಯ ಬೆಳೆ: ಟೊಮೇಟೊ, ಮೆಂತ್ಯೆ, ಸೇವಂತಿಗೆ, ಚೆಂಡುಹೂ. ಉತ್ತರದ ಬಾಲ್ಕನಿ ನೆರಳಿನದೆಂದು ಬರೀ ಮನಿಪ್ಲಾಂಟ್ ತೂಗುಹಾಕುವವರು ಮೇ–ಜುಲೈನಲ್ಲಿ ಬೆಳಗು ಸಂಜೆ ಓರೆಯಾಗಿ ಬೀಳುವ ಬಿಸಿಲನ್ನು ಕಂಡಿರುವುದಿಲ್ಲ. ಅಲ್ಲಿ ವೀಳ್ಯದೆಲೆ ಬಳ್ಳಿ, ದೊಡ್ಡಪತ್ರೆ, ಶುಂಠಿ, ಅರಿಶಿನ ಸುಖವಾಗಿ ಬರುತ್ತವೆ. ಊರಿಂದ ತಂದ ಕಾಳುಮೆಣಸಿಗೂ ಇದೇ ಜಾಗ, ಚಳಿಗಾಲದಲ್ಲಿ ಸೊರಗಿದರೂ ಸಾಯುವುದಿಲ್ಲ. ಪೂರ್ವ ಎಲ್ಲರಿಗೂ ಅನುಕೂಲ. ತುಳಸಿ, ದಾಸವಾಳ, ಯಾವುದಾದರೂ ಇಡಿ. ಪಶ್ಚಿಮದ ಬಾಲ್ಕನಿ ಏಪ್ರಿಲಿನ ಮಧ್ಯಾಹ್ನ ಗೋಡೆಯ ಕಾವನ್ನೂ ಸೇರಿಸಿ ಗಿಡವನ್ನು ಬೇಯಿಸುತ್ತದೆ. ಅಲ್ಲಿಗೆ ಬೋಗನ್‌ವಿಲ್ಲಾ, ಅಡೇನಿಯಂ, ಲೋಳೆಸರ. ಕುಂಡ ಕಪ್ಪು ಬಣ್ಣದ್ದಾಗಿರದಿರಲಿ.

ಹದಿನಾಲ್ಕನೇ ಮಹಡಿಯವರು ಕೇಳುವುದೇ ಬೇರೆ: ಬಿಸಿಲಿದೆ, ಮಣ್ಣು ಒಳ್ಳೆಯದು, ಆದರೂ ಎಲೆ ಹರಿಯುತ್ತದೆ. ಅದು ಗಾಳಿ. ಜೂನ್–ಜುಲೈನಲ್ಲಿ ಘಟ್ಟದಿಂದ ಇಳಿಯುವ ಪಡುವಣ ಗಾಳಿಗೆ ಬಾಳೆ, ಪಪ್ಪಾಯಿ ನಿಲ್ಲುವುದಿಲ್ಲ. ಸಣ್ಣ, ಗಟ್ಟಿ ಎಲೆಯದು ನೋಡಿಕೊಳ್ಳಿ.

ಮಲ್ಲಿಗೆ? ಅದಕ್ಕೆ ನಾನು ಬೇಡ ಅನ್ನುವುದಿಲ್ಲ. ಉಡುಪಿ ಮಲ್ಲಿಗೆಯೂ ಪುಣೆಯ ಮೊಗರಾವೂ ಒಂದೇ ಕುಲ. ದಿನಕ್ಕೆ ಆರು ತಾಸು ಬಿಸಿಲು ಸಿಕ್ಕರೆ ಬರುತ್ತದೆ, ಆದರೆ ಊರಿನ ಹಾಗೆ ವರ್ಷದ ಬಹುಪಾಲು ಅಟ್ಟೆ ಕಟ್ಟುವಷ್ಟು ಕೊಡುವುದಿಲ್ಲ. ಇಲ್ಲಿಯ ಚಳಿಗೆ ಅದು ಮಲಗುತ್ತದೆ. ಮಲಗಲು ಬಿಡಿ: ಡಿಸೆಂಬರಿನಲ್ಲಿ ನೀರು ತಗ್ಗಿಸಿ, ಜನವರಿಯಲ್ಲಿ ಅರ್ಧಕ್ಕೆ ಕತ್ತರಿಸಿ, ಎಲೆ ಕೊಡವಿ, ಬುಡ ಕೆದಕಿ ಎರೆಹುಳು ಗೊಬ್ಬರ, ಬೇವಿನ ಹಿಂಡಿ ಕೊಡಿ. ಮಾರ್ಚಿನಿಂದ ಮೊಗ್ಗು ಬರುತ್ತದೆ. ಹೂ ಮುಡಿಯುವವರಿಗೆ ಕನಕಾಂಬರವೂ ಇರಲಿ, ಇಲ್ಲಿ ಅದು ಅಬೋಲಿ. ಅರೆನೆರಳಿನಲ್ಲೂ ಜಿಪುಣತನ ಮಾಡದ ಗಿಡ.

ಗಿಡ ಕೊಳ್ಳಲು ಪುಣೆಯವರು ಹೋಗುವುದು ಸೋಲಾಪುರ ರಸ್ತೆಗೆ. ಮಾಂಜರಿ, ಲೋಣಿ ಕಾಳಭೋರ ದಾಟಿ ಉರುಳಿ ಕಾಂಚನದವರೆಗೆ ರಸ್ತೆಯ ಎರಡೂ ಬದಿ ನರ್ಸರಿಗಳು. ಅಲ್ಲಿ ಹೂವಿಟ್ಟು ನಿಂತ ಅಲಂಕಾರದ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಗೋದಾವರಿ ತೀರದ ಕಡಿಯಂನಿಂದ ಲಾರಿಯಲ್ಲಿ ಬಂದವು. ತೇವದ ಗಾಳಿಯಲ್ಲಿ, ಹಸಿರು ಪರದೆಯ ಕೆಳಗೆ ಬೆಳೆದದ್ದು ಪುಣೆಯ ಮಾರ್ಚಿನ ಬಿಸಿಲಿಗೆ ನೇರವಾಗಿ ಬಂದರೆ ವಾರದಲ್ಲಿ ಎಲೆ ಉದುರಿಸುತ್ತದೆ. ಮಾರಿದವರ ಮೋಸ ಅಂತ ಜನ ಬೈಯುತ್ತಾರೆ. ಯಾರ ಮೋಸವೂ ಅಲ್ಲ. ಹದಿನೈದು ದಿನ ನೆರಳಿನಲ್ಲಿಟ್ಟು, ದಿನಕ್ಕೊಂದು ತಾಸಿನಂತೆ ಬಿಸಿಲಿಗೆ ರೂಢಿ ಮಾಡಿಸಬೇಕು. ಆರಿಸುವಾಗ ಹೂವು ನೋಡಬೇಡಿ, ಚೀಲದ ತಳ ನೋಡಿ. ತೂತಿನಿಂದ ದಪ್ಪ ಬೇರು ಹೊರಬಂದು ನೆಲ ಹಿಡಿದಿದ್ದರೆ ಅದು ಬಹಳ ದಿನ ಅಲ್ಲೇ ಇದ್ದ ಸರಕು, ಒಳಗೆ ಬೇರು ಸುರುಳಿ ಸುತ್ತಿರುತ್ತದೆ. ಸುತ್ತಿದ ಬೇರು ನೆಲಕ್ಕೆ ಹೋದ ಮೇಲೂ ಸುತ್ತುತ್ತಲೇ ಇದ್ದು ಕೆಲವು ವರ್ಷದ ನಂತರ ತನ್ನದೇ ಬುಡವನ್ನು ಬಿಗಿಯುತ್ತದೆ. ಹತ್ತಡಿಯ ಮರ ಕೊಂಡು ಕ್ರೇನಿನಲ್ಲಿ ಇಳಿಸುವ ಷೋಕಿ ಈಗ ಬಂದಿದೆ. ಅದು ನೆಲಕ್ಕೆ ಹೊಂದಿಕೊಳ್ಳುತ್ತ ನಿಂತಿರುವಾಗಲೇ ಪಕ್ಕದಲ್ಲಿ ನೆಟ್ಟ ಮೂರಡಿಯ ಸಸಿ ಅದನ್ನು ಹಿಂದೆ ಹಾಕಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ನೆಡುವ ಕೆಲಸ ಮೇ ತಿಂಗಳಲ್ಲಿ ಶುರುವಾಗುತ್ತದೆ. ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು. ಮಣ್ಣಿದ್ದಲ್ಲಿ ಎರಡಡಿ ಉದ್ದ, ಅಗಲ, ಆಳ, ಗರಸಿನಲ್ಲಿ ಮೂರಡಿ. ಗರಸಿನ ಗುಂಡಿಗೆ ಹೊರಗಿನ ಮಣ್ಣು, ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೇಕು. ಎರೆಯಲ್ಲಿ ಹಾಗಲ್ಲ. ಅಲ್ಲಿ ನುಣುಪು ಗೋಡೆಯ ಗುಂಡಿ ತೆಗೆದು ಒಳಗೆ ಸಡಿಲ ಕೆಂಪು ಮಣ್ಣು ತುಂಬಿದರೆ ಅದು ಬಕೆಟ್ಟಿನಂತೆ ಮಳೆಗಾಲವಿಡೀ ನೀರು ಹಿಡಿದಿಟ್ಟು ಬೇರನ್ನು ಕೊಳೆಸುತ್ತದೆ. ಗುಂಡಿಯ ಗೋಡೆಯನ್ನು ಹಾರೆಯಿಂದ ಗೀರಿ ಒರಟು ಮಾಡಿ, ತೆಗೆದ ಮಣ್ಣನ್ನೇ ಗೊಬ್ಬರ ಬೆರೆಸಿ ತುಂಬಿ, ಸಸಿಯನ್ನು ನೆಲಮಟ್ಟಕ್ಕಿಂತ ಗೇಣು ಎತ್ತರದ ದಿಬ್ಬದ ಮೇಲೆ ಕೂರಿಸಬೇಕು. ಪುಣೆಗೆ ಮುಂಗಾರು ಜೂನ್ 10ರ ಆಸುಪಾಸಿಗೆ ಬರುವುದು ವಾಡಿಕೆ. ಮೊದಲ ಮಳೆಗೆ ಓಡಬೇಡಿ. ಎರಡು ಮೂರು ಒಳ್ಳೆಯ ಮಳೆ ಬಿದ್ದು ನೆಲದೊಳಗಿನ ಕಾವು ಇಳಿದ ಮೇಲೆ ನೆಡಿ. ಚೀಲ ಹರಿದು ತೆಗೆಯಿರಿ. ಹೇಳಬೇಕಾದ ಮಾತಲ್ಲ, ಆದರೂ ಚೀಲದ ಸಮೇತ ನೆಟ್ಟವುಗಳನ್ನು ಪ್ರತಿವರ್ಷ ಕಿತ್ತು ತೆಗೆಯುತ್ತೇವೆ. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಾಳಿಗೆ ಎರಡು ಬದಿ ಗೂಟ ಊರಿ, ಸಡಿಲವಾಗಿ ಕಟ್ಟಿ. ಅಲ್ಲಾಡಲು ಬಿಡದೆ ಬಿಗಿದರೆ ಕಾಂಡ ದಪ್ಪವಾಗುವುದಿಲ್ಲ.

ಸಸಿಗಳು ಸಾಯುವುದು ಮೇ ತಿಂಗಳಲ್ಲಿ ಎಂದು ಎಲ್ಲರೂ ಭಾವಿಸುತ್ತಾರೆ. ನಾನು ಹೆಚ್ಚು ಕಳಕೊಳ್ಳುವುದು ಅಕ್ಟೋಬರಿನಲ್ಲಿ. ಮಳೆ ಹೋಗಿರುತ್ತದೆ, ಸುತ್ತ ಹುಲ್ಲು ಹಸಿರೇ ಇರುತ್ತದೆ, ಯಾರಿಗೂ ನೀರು ಹಾಕುವ ನೆನಪಿರುವುದಿಲ್ಲ, ಬಿಸಿಲು ಮಾತ್ರ ಮತ್ತೆ ಚುರುಕಾಗಿರುತ್ತದೆ. ನವರಾತ್ರಿಯ ಹೊತ್ತಿಗೇ ಪಾತಿ ಕಟ್ಟಿ, ಬುಡಕ್ಕೆ ತಾಗದಂತೆ ನಾಲ್ಕು ಬೆರಳು ಒಣ ಎಲೆ ಹಾಸಬೇಕು. ಎಲೆ ಸುಡುವ ಬದಲು ಬೇಕಾದವರಿಗೆ ಚೀಲ ತುಂಬಿ ಕೊಡುವ ಬ್ರೌನ್ ಲೀಫ್ ಎಂಬ ಬಳಗ ಪುಣೆಯಲ್ಲಿದೆ. ನಮ್ಮ ಹಾಸಿನ ಎಲೆ ಎಷ್ಟೋ ಸಲ ಯಾರದೋ ಅಂಗಳದ ಮಳೆಮರದ್ದು. ನೀರನ್ನು ದಿನಕ್ಕೊಂದು ಚೊಂಬು ಹಾಕುವುದಕ್ಕಿಂತ ವಾರಕ್ಕೊಮ್ಮೆ ಎರಡು ಕೊಡ ನಿಧಾನವಾಗಿ ಇಂಗಿಸಿದರೆ ಬೇರು ಆಳಕ್ಕೆ ಹೋಗುತ್ತದೆ. ಪಾತಿಯ ಸುತ್ತು ವರ್ಷ ವರ್ಷ ಅಗಲವಾಗಬೇಕು, ಹೀರುವ ಬೇರು ಇರುವುದು ಕೊಂಬೆಯ ತುದಿಯ ಕೆಳಗೆ. ಇಲ್ಲಿಯ ನೆಲದ್ದೇ ಆದ ಮರಗಳನ್ನು ಎರಡು ಬೇಸಿಗೆ ಹೀಗೆ ನೋಡಿಕೊಂಡರೆ ಮೂರನೆಯದಕ್ಕೆ ಟ್ಯಾಂಕರ್ ಕರೆಸಬೇಕಾಗಿಲ್ಲ.

ಮೂರನೇ ವರ್ಷ ಉಳಿಯುವ ಕೆಲಸ ಗೂಟ ಕೀಳುವುದು, ಕಬ್ಬಿಣದ ಗಾರ್ಡ್ ಬಿಚ್ಚುವುದು. ಗೂಟಕ್ಕೆ ತಕರಾರಿಲ್ಲ. ಗಾರ್ಡಿನ ಮೇಲೆ ದೇಣಿಗೆ ಕೊಟ್ಟವರ ಹೆಸರು ಬರೆದಿರುತ್ತದೆ, ಹಾಗಾಗಿ ಕಾಂಡ ಕಬ್ಬಿಣವನ್ನು ನುಂಗುವವರೆಗೂ ಅದನ್ನು ಬಿಚ್ಚಲು ಕಮಿಟಿ ಒಪ್ಪುವುದಿಲ್ಲ. ಹೊಸ ಸೊಸೈಟಿಯ ಕೆಲಸ ಒಪ್ಪಿಕೊಳ್ಳುವಾಗ ನಾನು ಈಗ ಕರಾರಿನಲ್ಲೇ ಒಂದು ಸಾಲು ಹಾಕಿಸುತ್ತೇನೆ: ಹೆಸರಿನ ಫಲಕ ಪಕ್ಕದ ಕಟ್ಟೆಗೆ, ಗಾರ್ಡ್ ಮೂರನೇ ಜೂನ್‌ಗೆ ಗುಜರಿಗೆ.